ಬಯಲು ಇಳಿಯಲು ಯೋಗ್ಯವಲ್ಲ

ಲೋಕದಲ್ಲಿ ಕೆಲವರು ಕೊಡೆ ಹಿಡಿದುಕೊಂಡೇ ಹುಟ್ಟುತ್ತಾರೆ. ನಾನು ಆ ಪೈಕಿ. ಆಕಾಶದಲ್ಲಿ ಮೋಡವಿದ್ದರೆ ಇವತ್ತು ಯಾರದೋ ಗೋಡೆ ಕುಸಿಯುತ್ತದೆ ಎಂದೂ, ಮೋಡವಿಲ್ಲದಿದ್ದರೆ ಬಿಸಿಲು ಹೊಡೆದು ಯಾರೋ ಬೀಳುತ್ತಾರೆ ಎಂದೂ ನನಗೆ ತಾನಾಗಿಯೇ ಹೊಳೆದುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಪದ್ಮ, ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಕೈಮುಗಿದು ಹೊಳೆಯಲ್ಲಿ ಕಾಲಾಡಿಸಿ ಬರೋಣ ಎಂದಳು. ಮಳವಳ್ಳಿಯ ಮಾವನವರ ಮನೆಯಿಂದ ಗಾಡಿ ಹೊರಟಿದ್ದೇ ತಡ, ಮೊಸಳೆ, ಸುಳಿ, ಕಾಡಾನೆ, ಕೋತಿ, ಗಾಡಿಯ ಅಚ್ಚು, ಇಷ್ಟರ ವಿಷಯದಲ್ಲೂ ಎಲ್ಲರಿಗೂ ಎಚ್ಚರಿಕೆ ಕೊಡುತ್ತಾ ಬಂದೆ. ಅಲ್ಲಿ ಏನೂ ಆಗಲಿಲ್ಲ. ಎಲ್ಲರೂ ಚಿತ್ರಾನ್ನ ತಿಂದು, ನೀರಾಟವಾಡಿ ಸುಖವಾಗಿ ಮನೆ ಸೇರಿದರು. ಜ್ವರ ಬಂದಿದ್ದು ನನಗೊಬ್ಬನಿಗೆ. "ಯೋಚನೆ ಮಾಡಿ ಮಾಡಿ ಜ್ವರ ಬರಿಸಿಕೊಂಡ ಅಳಿಯ ನಮ್ಮ ವಂಶದಲ್ಲೇ ಮೊದಲು" ಎಂದು ಮಾವನವರು ಕಷಾಯ ಕುಡಿಸುತ್ತಾ ಹೇಳಿದರು.

ಇಂಥ ಮನುಷ್ಯನನ್ನು ಹುಡುಕಿ ತೆಗೆದು, ಅವನ ಸ್ವಭಾವಕ್ಕೆ ಸರಿಯಾದ ಕೆಲಸವನ್ನೇ ಕೊಟ್ಟರೆ ಅವನು ಉದ್ಧಾರವಾಗಬೇಕು ತಾನೆ. ಯುದ್ಧದ ಕಾಲದಲ್ಲಿ ಸರ್ಕಾರ ನನಗೆ ಹಾಗೆ ಮಾಡಿತು. ನಾನಾಗ ಮಂಡ್ಯದಲ್ಲಿ ರಸ್ತೆ, ಮೋರಿಗಳನ್ನು ನೋಡಿಕೊಳ್ಳುವ ಓವರ್ಸಿಯರ್. ಒಂದು ದಿನ ಮೇಲಿನವರು ಕರೆದು, ಕೊತ್ತತ್ತಿಯ ಕಡೆ ಒಂದು ಬಯಲನ್ನು ವಿಮಾನ ಇಳಿಯುವುದಕ್ಕೆಂದು ಗೊತ್ತು ಮಾಡಲಾಗಿದೆ, ಅದರ ಉಸ್ತುವಾರಿ ನಿಮ್ಮದು ಎಂದರು. ನಿಲ್ದಾಣವೆಂದು ಕಲ್ಪಿಸಿಕೊಳ್ಳಬೇಡಿ. ಊರಿನ ಗೋಮಾಳ, ಅದಕ್ಕೆ ಅಂಟಿಕೊಂಡಂತೆ ಬೋರೇಗೌಡರೆಂಬುವರ ಹೊಲ, ಎರಡನ್ನೂ ಸೇರಿಸಿ ನಾಲ್ಕು ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಮೇಲಿರುವವನಿಗೆ ತಿಳಿಯಲು ಬಿದಿರ ಗಳುವಿನ ತುದಿಯಲ್ಲಿ ಒಂದು ಪಟ್ಟೆ ಬಟ್ಟೆಯ ಚೀಲ. ಅಷ್ಟೇ. ಬೆಂಗಳೂರಿಗೋ ಇನ್ನೆಲ್ಲಿಗೋ ಹಾರುವ ವಿಮಾನಕ್ಕೆ ದಾರಿಯಲ್ಲಿ ಏನಾದರೂ ಕೆಟ್ಟರೆ ಇಲ್ಲಿ ಇಳಿಯಬೇಕು. ನಾನು ಪ್ರತಿದಿನ ಬೆಳಿಗ್ಗೆ ಬಯಲನ್ನು ಸುತ್ತಿ ನೋಡಿ, ಅದು ಹೇಗಿದೆಯೆಂದು ಬೆಂಗಳೂರಿಗೆ ತಂತಿ ಕೊಡಬೇಕು. ಅವರು ಅದನ್ನು ಹಾರಾಟಗಾರರಿಗೆ ತಿಳಿಸುತ್ತಾರೆ. ಮೂರು ನಾಲ್ಕು ಮಾತಿನ ತಂತಿ. ಆದರೆ ಅದನ್ನು ನಂಬಿ ಒಬ್ಬ ಮನುಷ್ಯ ಆಕಾಶದಿಂದ ಕೆಳಗಿಳಿಯುತ್ತಾನೆ ಎಂಬ ಯೋಚನೆ ಬಂದ ದಿನದಿಂದ ನನಗೆ ಊಟ ಸೇರುವುದು ನಿಂತಿತು.

ಬಯಲು ಒಂದು ದಿನವಾದರೂ ನೆಟ್ಟಗಿದ್ದರೆ ಕೇಳಿ. ನಾಲೆ ಬಂದ ಮೇಲೆ ಆ ಕಡೆಯ ಭೂಮಿಗೆಲ್ಲ ನೀರಿನ ಸೌಭಾಗ್ಯ. ಆ ಸೌಭಾಗ್ಯ ಮೇಲಿನ ಗದ್ದೆಗಳಿಂದ ಬಸಿದು ಬಸಿದು ನನ್ನ ಬಯಲಿನ ನಡುವೆ ಬಂದು ನಿಲ್ಲುತ್ತಿತ್ತು. "ನಡುವೆ ಕೆಸರು, ಇಳಿಯಲು ಯೋಗ್ಯವಲ್ಲ" ಎಂದು ತಂತಿ ಕೊಟ್ಟೆ. ಕೆಸರು ಕಂಡ ಮೇಲೆ ಎಮ್ಮೆ ಸುಮ್ಮನಿರುತ್ತದೆಯೆ? ನಿಂಗಮ್ಮ ಎಂಬ ಮುದುಕಿಯ ಎಮ್ಮೆಗಳು ಅಲ್ಲೇ ಠಿಕಾಣಿ ಹೂಡಿದವು. "ಕೆಸರು, ಎಮ್ಮೆ, ಯೋಗ್ಯವಲ್ಲ" ಎಂದು ತಂತಿ ಕೊಟ್ಟೆ. ಕಣದಲ್ಲಿ ಜಾಗ ಸಾಲದೆಂದು ಸುಗ್ಗಿಯಲ್ಲಿ ಯಾರೋ ಹುಲ್ಲಿನ ಮೆದೆ ಒಟ್ಟಿದರು. ಅದಕ್ಕೂ ತಂತಿ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗಾಳಿಚೀಲವೇ ಇಲ್ಲ, ಬರಿಯ ಗಳು ನಿಂತಿದೆ. ಯುದ್ಧದಲ್ಲಿ ಬಟ್ಟೆಗೆ ಎಂಥ ಬರ ಬಂದಿತ್ತೆಂದು ಆ ಕಾಲದವರಿಗೆ ಹೇಳಬೇಕಾಗಿಲ್ಲ. ಕೆಲವು ದಿನಗಳ ಮೇಲೆ ನಿಂಗಮ್ಮನ ಮೊಮ್ಮಗಳು ಪಟ್ಟೆಪಟ್ಟೆಯ ಹೊಸ ಲಂಗ ಉಟ್ಟು ಎಮ್ಮೆಯ ಹಿಂದೆ ಹೋಗುತ್ತಿದ್ದುದನ್ನು ಕಂಡೆ. ಅವಳು ಓಡಿದಾಗ ಗಾಳಿಯ ದಿಕ್ಕು ಸ್ಪಷ್ಟವಾಗಿ ತಿಳಿಯುತ್ತಿತ್ತು. 

ಎಮ್ಮೆಯ ವಿಷಯ ನಿಂಗಮ್ಮನೊಡನೆ ಮಾತಾಡಲು ಹೋದೆ. "ನೋಡಮ್ಮ, ಇಲ್ಲಿ ವಿಮಾನ ಇಳಿಯುತ್ತೆ. ನಿನ್ನ ಎಮ್ಮೆ ಸತ್ತರೆ ಸರ್ಕಾರ ಕೇಳೋದಿಲ್ಲ, ವಿಮಾನದವನು ಸತ್ತರೆ ನಿನ್ನನ್ನ ಕೇಳುತ್ತೆ" ಎಂದೆ.

"ಎಮ್ಮೆಗೆ ಗೊತ್ತಾದದಾ ಸಾಮಿ ಇದು ಇಮಾನದ ಜಾಗ ಅಂತವ. ಅವರಪ್ಪನ ಕಾಲದಿಂದ ಇಲ್ಲೇ ಮೇಯ್ತಾವೆ. ಇಮಾನ ಬಂದ್ರೆ ಸದ್ದು ಕೇಳಾಕಿಲ್ವಾ? ಆಗ ಒಡ್ಕೊಂಡ್ ಓಯ್ತೀನಿ ಬುಡಿ" ಎಂದಳು.

ಬೋರೇಗೌಡರದು ಇನ್ನೊಂದು ಬಗೆ. ಹೊಲ ಹೋಯಿತೆಂದು ಅವರು ಜಗಳವಾಡಿದವರಲ್ಲ. ದಿನವೂ ಬಯಲ ಅಂಚಿನ ಹೊಂಗೆ ಮರದಡಿ ಕುಳಿತು, ನಾನು ಬಂದ ಕೂಡಲೇ ಮೇಲೆ ನೋಡಿ, "ಇವತ್ತಾರಾ ಬಂದಾದಾ ಸಾಮಿ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ, "ಬರ್ನಿ ಬುಡಿ, ಅದಕ್ಕೇನು ಕ್ಯಾಮೆನೋ" ಎನ್ನುತ್ತಿದ್ದರು, ವಿಮಾನಕ್ಕೂ ನೂರು ಕೆಲಸವಿರುತ್ತದೆ ಎಂಬಂತೆ. ಬರುವ ನೆಂಟನಿಗೆ ಹಾಸಿಗೆ ಹಾಸಿ ಕಾದ ಹಾಗೆ ಅವರು ಆ ಹೊಲವನ್ನು ಬಿಟ್ಟುಕೊಂಡು ಕಾಯುತ್ತಿದ್ದರು. ನನ್ನ ತಂತಿಗಳಿಗೆ ಬೆಂಗಳೂರಿನಿಂದ ಬರುತ್ತಿದ್ದ ಉತ್ತರ ಯಾವಾಗಲೂ ಒಂದೇ: "ಅಡ್ಡಿಯನ್ನು ತಕ್ಷಣ ತೆಗೆಯಿಸಿ." ತೆಗೆಯಿಸುವುದು ಹೇಗೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಉತ್ತರ ಬಂದೀತೆಂಬ ಭಯ.

ಮನೆಯಲ್ಲಿ ಈ ಕೆಲಸದ ವಾಸನೆ ಹತ್ತಿಕೊಂಡಿತ್ತು. "ಹಿತ್ತಲಲ್ಲಿ ಪಾಚಿ, ನಡೆಯಲು ಯೋಗ್ಯವಲ್ಲ" ಎಂದು ನಾನು ಒಮ್ಮೆ ಮೈಮರೆತು ಹೇಳಿದ್ದಕ್ಕೆ ಪದ್ಮ, "ಹೇಳೋ ಹೊತ್ತಿಗೆ ಒಂದು ಹಿಡಿ ಬೂದಿ ಹಾಕಿ ಉಜ್ಜಿದ್ದರೆ ಯೋಗ್ಯವಾಗ್ತಿತ್ತು" ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು. ಆದರೆ ನಾನು ತಂತಿ ಕೊಡುವವನು, ಉಜ್ಜುವವನಲ್ಲ.

ಗೌರಿಹಬ್ಬ ಕಳೆದು ಮಳೆ ಒಂದೇ ಸಮ ಹಿಡಿದಿದ್ದ ಕಾಲ. ಅವತ್ತು ಬೆಳಿಗ್ಗೆ ಮಳೆ ಬಿಟ್ಟಿತ್ತು. ಕೆಸರು ಎಂದಿಗಿಂತ ಅಗಲವಾಗಿ, ನಿಂಗಮ್ಮನ ದೊಡ್ಡ ಎಮ್ಮೆ ಅದರ ನಟ್ಟನಡುವೆ ಕಣ್ಣು ಮುಚ್ಚಿ ಮಲಗಿತ್ತು. ನಾನು ಮನಸ್ಸಿನಲ್ಲೇ ತಂತಿ ಕಟ್ಟುತ್ತಾ ನಿಂತಿದ್ದೆ. ಆಗ ಮಂಡ್ಯದ ಕಡೆಯಿಂದ ಸದ್ದು ಕೇಳಿಸಿತು. ಸದ್ದು ಎಂದರೆ ಸರಿಯಾದ ಸದ್ದಲ್ಲ, ಕೆಮ್ಮಿ ಕೆಮ್ಮಿ ನಿಲ್ಲುವ ಸದ್ದು. ಗೌಡರು ಹೊಂಗೆ ಮರದಡಿಯಿಂದ ಎದ್ದು ನಿಂತು, "ಬಂದದೆ ಸಾಮಿ" ಎಂದರು, ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರೆಂಬಷ್ಟು ಸಮಾಧಾನದಿಂದ. ನಾನು ತಲೆಯ ಪೇಟ ಬಿಚ್ಚಿ ಹಿಡಿದು ಬಯಲ ನಡುವೆ ಓಡಿದೆ. ಬೇಡ, ಬೇಡ ಎನ್ನುತ್ತಾ ಪೇಟವನ್ನು ಬೀಸಿದೆ. ವಿಮಾನ ಒಂದು ಸುತ್ತು ಹೊಡೆದು, ನಾನು ಬೀಸಿದಷ್ಟೂ ಕೆಳಗಿಳಿಯುತ್ತಾ ಬಂತು. ಇತ್ತ ನಿಂಗಮ್ಮ ಹೇಳಿದಂತೆಯೇ ಎಮ್ಮೆಗಳನ್ನು ಹೊಡೆದುಕೊಂಡು ಓಡಿದಳು. ದೊಡ್ಡ ಎಮ್ಮೆ ಮಾತ್ರ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಚಕ್ರ ನೆಲಕ್ಕೆ ತಾಗಿ, ಎಮ್ಮೆಯ ಮುಂದೆ ಪಕ್ಕಕ್ಕೆ ಹೊರಳಿ, ಕೆಸರಿಗೆ ನುಗ್ಗಿ, ಬಾಲ ಒಮ್ಮೆ ಮೇಲೆದ್ದು, ವಿಮಾನ ಧೊಪ್ಪನೆ ಕುಳಿತುಕೊಂಡಿತು.  ನಾನು ಕಣ್ಣು ಮುಚ್ಚಿಕೊಂಡೆ. ಅವನು ಸತ್ತ, ನನ್ನ ಕೆಲಸ ಹೋಯಿತು, ಪದ್ಮ ಮಳವಳ್ಳಿಗೆ ಹೋದಳು, ಇಷ್ಟನ್ನೂ ಅದೇ ಕ್ರಮದಲ್ಲಿ ಕಂಡೆ.

ಕಣ್ಣು ಬಿಟ್ಟಾಗ ಒಬ್ಬ ಯುವಕ ಮೊಣಕಾಲುದ್ದ ಕೆಸರಿನಲ್ಲಿ ನಡೆದು ನನ್ನ ಕಡೆಗೇ ಬರುತ್ತಿದ್ದ. ಕೊಡಗಿನವನಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಹಣೆಯಲ್ಲಿ ಒಂದು ಬುಗುಟು ಬಿಟ್ಟರೆ ಮತ್ತೇನಿಲ್ಲ. ನನ್ನ ಕೈ ಹಿಡಿದು, "ಬಟ್ಟೆ ಬೀಸಿ ದಾರಿ ತೋರಿಸಿದಿರಿ, ಬಹಳ ಉಪಕಾರವಾಯ್ತು" ಎಂದ.

"ನಾನು ಬರಬೇಡಿ ಅಂತ ಬೀಸಿದ್ದು ಸ್ವಾಮಿ. ದಿನಾ ತಂತಿ ಕೊಡ್ತಿದ್ದೆನಲ್ಲ, ಯೋಗ್ಯವಲ್ಲ ಅಂತ. ನಿಮಗೆ ತಲುಪಲಿಲ್ಲವೆ?"

ಅವನು ನನ್ನನ್ನು ನಿಟ್ಟಿಸಿ ನೋಡಿದ. "ಅದನ್ನ ಬರೆಯೋರು ನೀವೇನಾ? ತಲುಪುತ್ತೆ, ದಿನಾ ಓದ್ತೀವಿ. ಯಾವಾಗ ನೋಡಿದರೂ ಕೆಟ್ಟಿದೆ ಅಂತಲೇ ಇರುತ್ತಲ್ಲ. ವರ್ಷವಿಡೀ ಕೆಟ್ಟಿರೋ ಬಯಲು ಎಲ್ಲಾದರೂ ಉಂಟೆ? ಬರೆಯೋರಿಗೆ ಹೊಟ್ಟೆಶೂಲೆ ಇರಬೇಕು ಅಂತ ನಮ್ಮಲ್ಲಿ ಎಲ್ಲರೂ ಅಂದುಕೊಂಡಿದ್ವಿ" ಎಂದು, ಸುತ್ತ ಕೆಸರನ್ನೂ ಎಮ್ಮೆಯನ್ನೂ ನೋಡಿ, "ಆದರೆ ನೀವು ಬರೆದಿದ್ದೆಲ್ಲ ನಿಜ" ಎಂದ.

ಇಷ್ಟು ಕಾಲ ನಿದ್ದೆಗೆಟ್ಟು ಬರೆದ ಸತ್ಯಕ್ಕೆ ಸಿಕ್ಕ ಮರ್ಯಾದೆ ಅದು. ಅವನು ಬದುಕಿದ್ದಕ್ಕೆ ಸಂತೋಷಪಡಬೇಕೋ, ನನ್ನ ಮಾತು ನಂಬದೆ ಇಳಿದೂ ಬದುಕಿದ್ದಕ್ಕೆ ವ್ಯಥೆಪಡಬೇಕೋ ತಿಳಿಯದೆ, ಮಂಡ್ಯದ ತಂತಿ ಕಚೇರಿಗೆ ಹೋಗಿ ನಿಂತೆ. ವಿಮಾನ ಇಳಿದ ಸುದ್ದಿಗೆ ಬೇರೆ ತಂತಿ ಕೊಟ್ಟಾಯಿತು. ಆದರೆ ದಿನದ ತಂತಿ ಬಾಕಿಯಿತ್ತು. ಬಯಲಿನ ಸ್ಥಿತಿಯನ್ನು ಇದ್ದದ್ದಿದ್ದ ಹಾಗೆ ಬರೆಯಬೇಕಲ್ಲ. "ಕೆಸರು. ಅಡ್ಡಿ: ಒಂದು ಎಮ್ಮೆ, ಒಂದು ವಿಮಾನ. ಇಳಿಯಲು ಯೋಗ್ಯವಲ್ಲ" ಎಂದು ಬರೆದೆ. ಸಂಜೆಗೆ ಉತ್ತರ ಬಂತು. "ಅಡ್ಡಿಯನ್ನು ತಕ್ಷಣ ತೆಗೆಯಿಸಿ."

ಬೆಂಗಳೂರಿನಿಂದ ಲಾರಿಯಲ್ಲಿ ರಿಪೇರಿಯವರು ಬಂದರು. ಎಂಜಿನ್ನು ಬೇಗ ಸರಿಹೋಯಿತು. ಸರಿಹೋಗದಿದ್ದುದು ಬಯಲು. ಓಡಿ ಮೇಲೇಳುವಷ್ಟು ಗಟ್ಟಿ ನೆಲ ಎಲ್ಲಿದೆ? ಆ ಯುವಕ ಅಷ್ಟು ದಿನವೂ ಬೋರೇಗೌಡರ ಮನೆಯಲ್ಲೇ ಉಂಡ. "ಮುದ್ದೆ ನುಂಗಾಕೆ ಬರಾಕಿಲ್ಲ, ಅಗೀತಾ ಕುಂತವ್ನೆ. ಇಮಾನ ಅದೆಂಗ್ ಓಡುಸ್ತಾನೋ" ಎಂದು ಗೌಡರು ಮರುಗಿದರು. ಅನ್ನ ಹಾಕಿದ ಮೇಲೆ ಕಳಿಸುವ ಭಾರವೂ ತಮ್ಮದೆಂದು ಅವರಿಗೆ ತೋರಿತು. ಒಂದು ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಊರಿಗೆ ಊರೇ ಬಯಲಲ್ಲಿತ್ತು. ಮೇಲಿನ ಗದ್ದೆಯ ನೀರು ಬೇರೆ ಕಡೆ ಹರಿಯುವಂತೆ ಕಾಲುವೆ ತೋಡಿ, ತಗ್ಗಿಗೆ ಗಾಡಿಗಟ್ಟಲೆ ಗೊರಜು ಕಲ್ಲು ಸುರಿದು, ಮೇಲೆ ಮಣ್ಣು ಹರಡಿ, ಹಲುಬೆ ಎಳೆದು ಮಟ್ಟ ಮಾಡಿದರು. ವಿಮಾನಕ್ಕೆ ಹಗ್ಗ ಬಿಗಿದು ಎತ್ತು ಹೂಡಿ ಗಟ್ಟಿ ನೆಲಕ್ಕೆ ತಂದರು. ನಿಂಗಮ್ಮ ತನ್ನ ಎಮ್ಮೆಗಳನ್ನು ತಾನೇ ದೂರ ಹಿಡಿದು ನಿಂತಳು. ನಾನು ಪೇಟ ಸರಿಯಾಗಿ ಸುತ್ತಿಕೊಂಡು, ಹಗ್ಗ ಕಿತ್ತುಹೋಗುತ್ತದೆ ಎಂದು ಎಲ್ಲರಿಗೂ ಹೇಳುತ್ತಾ ಹಿಂದೆ ಹಿಂದೆ ನಡೆದೆ. ಹಗ್ಗ ಕಿತ್ತುಹೋಗಲಿಲ್ಲ. ಮಾರನೆಯ ದಿನ ವಿಮಾನ ಓಡಿ, ಮೇಲೆದ್ದು, ಮದ್ದೂರಿನ ಕಡೆ ತಿರುಗಿ ಮಾಯವಾಯಿತು.

ಅವತ್ತು ಆ ಬಯಲನ್ನು ನೋಡಬೇಕಿತ್ತು. ಅಂಗೈಯಂತೆ ಸಮ, ಹದವಾಗಿ ಒಣಗಿದ ಮಣ್ಣು, ಒಂದು ಎಮ್ಮೆಯಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನೊಳಗೆ ಒಂದು ಆಸೆ ಮೂಡಿತು. ತಂತಿ ಕಚೇರಿಗೆ ಹೋಗಿ, "ಬಯಲು ಉತ್ತಮ. ಅಡ್ಡಿಯೇನೂ ಇಲ್ಲ. ಇಳಿಯಲು ಯೋಗ್ಯ" ಎಂದು ಬರೆದುಕೊಟ್ಟೆ. ತಂತಿಯ ಮಾಸ್ತರರು ಅದನ್ನು ಓದಿ, ನನ್ನ ಮುಖ ನೋಡಿ, "ಮೈಗೆ ಹುಷಾರಿಲ್ಲವೆ?" ಎಂದು ಕೇಳಿದರು. ಬೆಂಗಳೂರಿನವರಿಗೂ ಅದೇ ಅನುಮಾನ ಬಂದಿರಬೇಕು. ಯಾವ ಕೆಸರಿಗೂ ಯಾವ ಎಮ್ಮೆಗೂ ಬಾರದಿದ್ದ ಅಧಿಕಾರಿಗಳು, ಬಯಲು ಚೆನ್ನಾಗಿದೆ ಎಂದ ಕೂಡಲೇ ತನಿಖೆಗೆ ಬರುತ್ತೇವೆಂದು ತಿಳಿಸಿದರು. ಅಷ್ಟರಲ್ಲಿ ನನಗೆ ಚಳಿಜ್ವರ ಬಂದು ಮಲಗಿದೆ. ಸಂತೋಷ ನನ್ನ ಮೈಗೆ ಒಗ್ಗುವುದಿಲ್ಲವೆಂದು ಪದ್ಮ ಹೇಳಿದಳು. ವಾರ ಕಳೆದು ಎದ್ದು, ಕಾರಿನಲ್ಲಿ ಬಂದ ಅಧಿಕಾರಿಯ ಜೊತೆ ಕುಳಿತು ಬಯಲಿಗೆ ಹೋದೆ. ಬಯಲಿಗೆ ಬಯಲೇ ಉಳುಮೆಯಾಗಿತ್ತು. ಗೆರೆ ಕೊರೆದಂಥ ಸಾಲುಗಳು, ಅವುಗಳಲ್ಲಿ ಆಗಲೇ ಎರಡೆಲೆಯ ಮೊಳಕೆ.

ಅಧಿಕಾರಿ ಕಿಸೆಯಿಂದ ನನ್ನ ತಂತಿ ತೆಗೆದು ಒಮ್ಮೆ ಓದಿಕೊಂಡರು. "ಇದೇನು ಇದು?"

"ಹುರುಳಿ ಸಾರ್."

"ಅಡ್ಡಿಯೇನೂ ಇಲ್ಲ ಅಂತ ಬರೆದಿದ್ದೀರಿ."

"ಬರೆದಾಗ ಇರಲಿಲ್ಲ ಸಾರ್."

ಬೋರೇಗೌಡರು ಮರದಡಿಯಿಂದ ಎದ್ದು ಬಂದು ಕೈಮುಗಿದರು. ಅವರ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. "ಇಮಾನ ಇಳೀಬೇಕು, ಒಲ ಬುಡು ಅಂದ್ರಿ, ಬುಟ್ಟೆ ಸಾಮಿ. ಅದು ಬರಗಂಟ ಒಂದು ಕಾಳು ಆಕ್ನಿಲ್ಲ. ಈಗ ಬಂತು, ಇಳೀತು, ಉಣ್ತು, ಓಯ್ತು. ಇಷ್ಟು ಅದವಾದ ನೆಲಾವ ಇನ್ನೂ ಸುಮ್ಕೆ ಬುಟ್ರೆ ಬೂಮ್ತಾಯಿ ಮೆಚ್ತಾಳಾ?"

ಅಧಿಕಾರಿ ತಂತಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡರು. ಕೊನೆಗೆ, ಯುದ್ಧ ಬರ್ಮಾದ ಕಡೆ ದೂರ ಸರಿದಿದೆ, ಈ ಬಯಲನ್ನು ಬಿಟ್ಟುಬಿಡುವ ಮಾತು ಮೊದಲೇ ಆಗಿತ್ತು, ಇನ್ನು ತಂತಿ ಬೇಡ ಎಂದರು. ಕಾರು ಹತ್ತುವಾಗ ನನ್ನ ಕಡೆ ತಿರುಗಿ, "ಹಳೆಯ ತಂತಿಗಳೇ ಚೆನ್ನಾಗಿದ್ದವು ಕಣ್ರೀ, ನಂಬದಿದ್ದರೂ ನಿಜವಾಗಿರುತ್ತಿದ್ದವು" ಎಂದರು. ಕೆಲಸ ಉಳಿಯಿತು. ಮತ್ತೆ ಮೋರಿಗಳ ಬಳಿಗೆ ಹೋದೆ. ಒಂದೇ ಒಂದು ಸಲ ಒಳ್ಳೆಯ ಮಾತು ಬರೆದು, ಅದೊಂದೇ ಸುಳ್ಳಾದ ಮನುಷ್ಯ ಮುಂದೆ ಯಾವ ಧೈರ್ಯದಿಂದ ಬಾಳಬೇಕೆಂದು ಮೋರಿಯ ಮೇಲೆ ಕುಳಿತು ಯೋಚಿಸಿದ್ದುಂಟು.

ಸುಗ್ಗಿಯಲ್ಲಿ ಗೌಡರು ಒಂದು ಸಣ್ಣ ಮೂಟೆ ಹುರುಳಿಯನ್ನು ನಮ್ಮ ಮನೆಗೆ ಕಳಿಸಿದರು. ಪದ್ಮ ಅದನ್ನು ನೆನೆಸಿ, ಮೊಳಕೆ ಕಟ್ಟಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಸಾರು ಮಾಡಿದಳು. ಅಂಥ ಸಾರನ್ನು ನಾನು ಮೊದಲು ಉಂಡಿರಲಿಲ್ಲ. ತಟ್ಟೆ ಬಳಿದು ಬಳಿದು ಉಂಡೆ. ಹೇಗಿದೆ ಎಂದು ಪದ್ಮ ಕೇಳಿದಳು. ಚೆನ್ನಾಗಿದೆ ಎಂಬ ಮಾತು ನಾಲಗೆಯ ತುದಿಯವರೆಗೂ ಬಂತು. ಏನಾದರೂ ಆಗಿಬಿಟ್ಟರೆ ಎಂದು ಹೆದರಿ, "ಉಪ್ಪು ಒಂದು ಕಲ್ಲು ಜಾಸ್ತಿ" ಎಂದೆ. ಅವಳು ನನ್ನ ಮುಖವನ್ನೂ ಖಾಲಿಯಾದ ತಟ್ಟೆಯನ್ನೂ ನೋಡಿ, ಇನ್ನೊಂದು ಸೌಟು ಬಡಿಸಿ ಒಳಗೆ ಹೋದಳು.