ಹನುಮಂತನ ಎದೆಗೆ ಟಿಚ್ ಬಟನ್

ಕೋಸಂಬರಿಯ ಹೆಸರುಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ಆಸ್ಪತ್ರೆಯಿಂದ ಯಜಮಾನರ ಫೋನು ಬಂತು: "ನಿದ್ದೇಲೇ ಅಣ್ಣ ಹೋಗ್ಬಿಟ್ಟ ಕಣೇ." ಮರುದಿನ ರಾಮನವಮಿ. ನಿದ್ದೆಯಲ್ಲಿ ಹೋದರು, ಬೇಳೆಯನ್ನು ಇನ್ನೂ ನೆನೆಹಾಕಿರಲಿಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಈ ಭಾವನವರ ವಿಷಯ ಹೇಳಲೇಬೇಕು. ಎದೆ ಬಗೆಯಲು ಬಾರದ ಹನುಮಂತ ಮೂರು ಲೋಕದಲ್ಲಿ ಎಲ್ಲಾದರೂ ಇದ್ದಾನೆಯೇ? ನಮ್ಮ ಶ್ರೀನಗರದಲ್ಲಿದ್ದರು! ಮದುವೆಯಾಗದೆ ನಮ್ಮ ಮಹಡಿಯ ಕೋಣೆಯಲ್ಲಿದ್ದ ಭಾವ, ಪ್ರತಿ ರಾಮನವಮಿಗೆ ಬೀದಿಯ ಪೆಂಡಾಲಿನಲ್ಲಿ ಹನುಮಂತನ ವೇಷ ಹಾಕುತ್ತಿದ್ದರು. ಎದೆ ಬಗೆದರೆ ಒಳಗೆ ಸೀತಾರಾಮಲಕ್ಷ್ಮಣರು ಕಾಣಬೇಕು. ಇಷ್ಟೇ ಕೆಲಸ.

ಮೊದಲ ವರ್ಷ ಕ್ಯಾಲೆಂಡರಿನ ಪಟ ಕತ್ತರಿಸಿ ಎದೆಗೆ ಅಂಟಿಸಿ, ಮೇಲಿನ ಬನಿಯನ್ನನ್ನು ಸೀಳಿ ಸೇಫ್ಟಿ ಪಿನ್ನು ಹಾಕಿಕೊಂಡರು. ಬಗೆಯುವಾಗ ಪಿನ್ನು ಚುಚ್ಚಿ, ಶ್ರೀರಾಮ ಎನ್ನಬೇಕಾದವರು ಅಮ್ಮಾ ಎಂದು ಕೂಗಿದರು. ಜನ ಅದಕ್ಕೂ ಕೈಮುಗಿದರು. ಮರುವರ್ಷ ನನ್ನಿಂದ ಟಿಚ್ ಬಟನ್ ಹೊಲಿಸಿಕೊಂಡರು. ಗಟ್ಟಿ ಇರಲೆಂದು ನಾನು ಒತ್ತೊತ್ತಾಗಿ ಹೊಲಿದಿದ್ದೆ, ಬಿಚ್ಚಲೇ ಇಲ್ಲ. ಹಾರ್ಮೋನಿಯಂನವರು ಅದೇ ಸಾಲನ್ನು ಎಷ್ಟು ಸಲ ಬಾರಿಸಿಯಾರು? ಕೊನೆಗೆ ರಾಮನೇ ಸಿಂಹಾಸನದಿಂದ ಇಳಿದು ಬಂದು ಎದೆ ತೆಗೆದುಕೊಟ್ಟ.

ಆಮೇಲೆ ಎದೆಯೊಳಗೆ ಬೆಳಕು ಬೇಕೆನಿಸಿತು. ಕ್ಯಾಲೆಂಡರ್ ಕಾಗದದಲ್ಲಿ ಬೆಳಕು ದಾಟದು. ಎಕ್ಸ್‌ರೇ ಹಾಳೆಯನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿದರೆ ಕಪ್ಪೆಲ್ಲ ಬಿಟ್ಟು ಗಾಜಿನಂತಾಗುತ್ತದೆ; ಅದರ ಮೇಲೆ ಬಣ್ಣದಲ್ಲಿ ಚಿತ್ರ ಬರೆದು, ಹಿಂದೆ ಟಾರ್ಚಿನ ಬಲ್ಬು ಇಡುವುದೆಂದು ಯೋಜನೆ. ಹಾಳೆಗಾಗಿ ಮನೆಮನೆ ತಿರುಗಿದರು. "ಮೇಡಂ, ನಿಮ್ಮನೇಲಿ ಯಾರದ್ದಾದ್ರೂ ಮೂಳೆ ಮುರಿದಿದ್ಯಾ?" ಪದ್ಮನಾಭನಗರದ ಆಂಟಿಯೊಬ್ಬರು ತಮ್ಮ ಮಂಡಿಯದು ಕೊಟ್ಟರು. ಚಿಕ್ಕದು. ರಾಮಲಕ್ಷ್ಮಣರು ಹಿಡಿಸಿದರು, ಸೀತೆ ಹೊರಗುಳಿದಳು. "ಬಿಡಿ ಭಾವ, ಅಶೋಕವನದಲ್ಲಿದ್ದಾಳೆ ಅಂದ್ಕೊಳ್ತಾರೆ" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಈ ವರ್ಷ ಕೆಮ್ಮು ಬಂತು. ಡಾಕ್ಟರು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದಲ್ಲಿದ್ದ ಬಿಳಿ ಮಚ್ಚೆ ತೋರಿಸಿ, ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿದರು. ಭಾವ ಗೇಣು ಹಾಕಿ ಹಾಳೆ ಅಳೆದರು. "ಇದು ನಮಗೇ ಅಲ್ವಾ ಸಾರ್?" ಡಾಕ್ಟರು ನನ್ನ ಮುಖ ನೋಡಿದರು.

ಆಸ್ಪತ್ರೆಯ ಮಂಚ ಹಿಡಿದ ಮೇಲೂ ಅದೇ ಧ್ಯಾನ. ರಾಮನವಮಿಗೆ ಒಂದು ಗಳಿಗೆ ಪೆಂಡಾಲಿನಲ್ಲಿ ನಿಂತು ಎದೆ ಬೆಳಗಿಸಿದರೆ ಸಾಕೆಂದು ಹೇಳುತ್ತಿದ್ದರು. ಫೋನು ಬರುವ ಹಿಂದಿನ ದಿನ ಹಾಳೆಯನ್ನು ನನ್ನ ಕೈಗಿತ್ತು, "ತೊಳೆದಿಡಮ್ಮ. ಈ ಸಲ ಸೀತಮ್ಮನಿಗೂ ಜಾಗ ಆಯ್ತು" ಎಂದರು.

ಬೆಳಿಗ್ಗೆ ಎದ್ದು ತೊಳೆದೆ. ರಾಮ ರಾಮ ಎನ್ನುತ್ತಾ ಮೊದಲು ಆ ಮಚ್ಚೆಯಿದ್ದ ಜಾಗವನ್ನೇ ಉಜ್ಜಿದೆ. ಪಕ್ಕೆಲುಬು ಹೋದವು, ಮಚ್ಚೆಯೂ ಹೋಯಿತು. ಹೋಯಿತಲ್ಲ ಎಂದು ಈ ಹುಚ್ಚುಮನಸ್ಸಿಗೆ ಎಷ್ಟು ಹಗುರವಾಯಿತು!

ಫೋನು ಇಟ್ಟು ಮಹಡಿಗೆ ಹೋದೆ. ತಂತಿಯ ಮೇಲೆ ಹಾಳೆ ತೂಗುತ್ತಿತ್ತು. ಅದರಾಚೆ ಬರೀ ಆಕಾಶ, ಒಂದು ಕಲೆಯಿಲ್ಲ. ಪಕ್ಕದಲ್ಲಿ ಅವರ ವೇಷದ ಬನಿಯನ್ನು ಒಣಗಿ, ಎದೆ ತೆರೆದುಕೊಂಡಿತ್ತು. ಟಿಚ್ ಬಟನ್‌ಗಳನ್ನು ಒಂದೊಂದಾಗಿ ಒತ್ತಿ ಮುಚ್ಚಿ, ಮಡಚಿಟ್ಟು, ಬೇಳೆಯನ್ನು ಡಬ್ಬಕ್ಕೆ ಸುರಿಯಲು ಕೆಳಗೆ ಬಂದೆ.