ಉತ್ತುಂಗಪುರಿಯ ಏಕಮಟ್ಟ ಸುಧಾರಣೆ

ಬಹಳ ಹಿಂದೆ, ಮಂತ್ರವಿದ್ಯೆಗೂ ಒಂದು ಇಲಾಖೆ, ಆ ಇಲಾಖೆಗೂ ಒಬ್ಬ ಸಚಿವರಿದ್ದ ಕಾಲದಲ್ಲಿ, ಉತ್ತುಂಗಪುರಿ ಎಂಬ ರಾಜ್ಯವಿತ್ತು. ಅಲ್ಲಿ ಮಾಂತ್ರಿಕರಿಗೂ ಮಟ್ಟಗಳಿದ್ದವು, ಮಂತ್ರಗಳಿಗೂ ಇದ್ದವು. ಮಾಂತ್ರಿಕರ ಮಟ್ಟ ಅವರ ಅನುಭವ ನೋಡಿ, ಮಂತ್ರದ ಮಟ್ಟ ಅದರ ಕಷ್ಟ ನೋಡಿ. ಐದನೇ ಮಟ್ಟಕ್ಕೇರಿದವರಿಗಷ್ಟೇ ಮೂರನೇ ಮಟ್ಟದ ಮಂತ್ರ ಒಲಿಯುತ್ತಿತ್ತು. ಮೂರನೇ ಕ್ಲಾಸಿಗೆ ಪಾಠ ಹೇಳಲು ಮೂರನೇ ಕ್ಲಾಸು ಓದಿದ್ದರೆ ಸಾಲದಲ್ಲ, ಹಾಗೆ. ಇಷ್ಟು ಊರಿಗೆಲ್ಲ ಗೊತ್ತಿತ್ತು, ಅರಮನೆಗೆ ಗೊತ್ತಿರಲಿಲ್ಲ.

ಆ ವರ್ಷ ಕೆರೆ ಏರಿ ಬಿರುಕು ಬಿಟ್ಟಿತು. ಏರಿಯ ಬುಡದಲ್ಲೇ ಇದ್ದ ಕೆಳಗೇರಿಯ ಹೊಂಬಾಳಮ್ಮ, ಐದನೇ ಮಟ್ಟದ ಮಾಂತ್ರಿಕೆ, ಆಸ್ಥಾನಕ್ಕೆ ಓಡಿ ಬಂದಳು.

“ಮಣ್ಣು ಬೆಸೆಯೋ ಮಂತ್ರ ನಂಗೆ ಬರುತ್ತೆ ಪ್ರಭು. ಮೂರನೇ ಮಟ್ಟದ್ದು. ಅಪ್ಪಣೆ ಕೊಟ್ರೆ ಈಗಲೇ ಹಾಕ್ತೀನಿ. ನನ್ನ ತಂಗಿ ಹಸಿ ಬಾಣಂತಿ, ಅಲ್ಲೇ ಮಲಗಿದಾಳೆ.”

ಮಹಾರಾಜ ಶಿಖರಸೇನರು ಹುಬ್ಬು ಗಂಟಿಕ್ಕಿದರು. “ಐದನೇ ಮಟ್ಟದ ಸಂಬಳ ತಗೊಂಡು ಮೂರನೇ ಮಟ್ಟದ ಕೆಲಸ ಮಾಡೋದಾ?”

“ಆಹಾ, ಎಂಥ ಸೂಕ್ಷ್ಮದೃಷ್ಟಿ!” ಎಂದರು ಮಂತ್ರವಿದ್ಯಾ ಸಚಿವ ಪಲ್ಲವರಾಯರು. “ನಾವು ಗ್ರಂಥ ಓದಿಯೂ ಕಾಣದ್ದನ್ನ ತಾವು ಓದದೇ ಕಂಡಿರಿ! ಇದು ಎರಡು ಮಟ್ಟದ ಪರ್ಫಾರ್ಮೆನ್ಸ್ ಕೊರತೆ, ಪ್ರಭು.”

“ಕೊರತೆ ಅಲ್ಲ ಸ್ವಾಮಿ, ವಿದ್ಯೆ ಇರೋದೇ ಹಾಗೆ...”

“ಹಾಗಿರೋದನ್ನ ಬದಲಾಯಿಸೋಕೇ ಅಲ್ವೇನಮ್ಮ ಸರ್ಕಾರ ಇರೋದು?” ಎಂದರು ಸಚಿವರು.

ಕೂಡಲೇ ಡಂಗುರ ಸಾರಲಾಯಿತು. ಇನ್ನು ಮುಂದೆ ಐದನೇ ಮಟ್ಟದವರು ಐದನೇ ಮಟ್ಟದ ಮಂತ್ರವನ್ನೇ ಹಾಕತಕ್ಕದ್ದು. ಅದಕ್ಕಿಂತ ಕೆಳಗಿನದನ್ನು ಉಚ್ಚರಿಸಿದರೆ ರಾಜದ್ರೋಹ. ಮೂರನೇ ಮಟ್ಟದ ಮಂತ್ರಗಳನ್ನು ಮೂರನೇ ಮಟ್ಟದವರಿಗೆ ಔಟ್‌ಸೋರ್ಸ್ ಮಾಡತಕ್ಕದ್ದು.

ಮೂರನೇ ಮಟ್ಟದವರಿಗೆ ದೀಪ ಹಚ್ಚುವುದು, ಇಲಿ ಓಡಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅವರಿಗೆ ಶಾಲು ಹೊದಿಸಿ ಏರಿಯ ಮೇಲೆ ನಿಲ್ಲಿಸಿದರು. ಪಾಪ, ಮಂತ್ರವನ್ನು ಚೀಟಿ ನೋಡಿಕೊಂಡು ಓದಿದರು. ಬಿರುಕು ಇನ್ನಷ್ಟು ಅಗಲವಾಯಿತು. “ಆರಂಭಿಕ ಸ್ಪಂದನೆ ಆಶಾದಾಯಕ,” ಎಂದು ಪಲ್ಲವರಾಯರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೊಂಬಾಳಮ್ಮ ಕಾವಲುಗಾರರನ್ನು ತಳ್ಳಿಕೊಂಡು ನುಗ್ಗಿ ಮಂತ್ರ ಶುರು ಮಾಡಿದಳು. ಮಣ್ಣು ಕೂಡಿಕೊಳ್ಳತೊಡಗಿತು. ನೀರಿನ ಸದ್ದು ತಗ್ಗಿತು. ಕೆಳಗೇರಿಯವರು ಜೋರಾಗಿ ಕೂಗಿ ಅವಳಿಗೆ ಧೈರ್ಯ ಹೇಳಿದರು. ಅರ್ಧ ಮಂತ್ರ ಮುಗಿದಿತ್ತು.

“ರಾಜದ್ರೋಹ! ಬಾಯಿ ಮುಚ್ಚಿಸ್ರೋ!” ಎಂದು ಸಚಿವರು ಅರಚಿದರು.

ಕಾವಲುಗಾರರು ಅವಳ ಬಾಯಿಗೆ ಬಟ್ಟೆ ತುರುಕಿದರು. ಏರಿ ಒಡೆಯಿತು. ಕೇರಿಗೆ ಕೇರಿಯೇ ಕೊಚ್ಚಿಹೋಯಿತು. ಹೊಂಬಾಳಮ್ಮನ ತಂಗಿಯೂ ಹಸುಗೂಸೂ ಸಿಗಲೇ ಇಲ್ಲ.

ತನಿಖೆ ನಡೆದು, ಅರ್ಧ ಹೇಳಿದ ಕೆಳಮಟ್ಟದ ಮಂತ್ರದಿಂದಲೇ ಏರಿ ಒಡೆಯಿತೆಂದು ತೀರ್ಮಾನವಾಯಿತು. ಹೊಂಬಾಳಮ್ಮ ಸೆರೆಮನೆ ಸೇರಿದಳು. ಶಿಖರಸೇನರಿಗೆ ‘ಏಕಮಟ್ಟ ಚಕ್ರವರ್ತಿ’ ಎಂಬ ಬಿರುದು, ಜೊತೆಗೆ ಹೊಸ ಚಿನ್ನದ ಕಿರೀಟ ಬಂತು. ಕಿರೀಟದ ಖರ್ಚು ಕೆಳಗೇರಿಯ ಮೇಲೆ ಬಿತ್ತು. ಮನೆ ಕಳೆದುಕೊಂಡವರು ಅದನ್ನು ಮನೆಗಂದಾಯದ ಜೊತೆಗೇ ಕಟ್ಟಬಹುದೆಂದು ಪ್ರಭುಗಳು ರಿಯಾಯಿತಿ ದಯಪಾಲಿಸಿದರು.