ಮದ್ದಲೆಗೆ ತುಪ್ಪದನ್ನ

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಸಿದ್ದಾಪುರದ ಶಾಲಾ ಮಾಸ್ತರನಾದ ನಾನು ಮದ್ದಲೆಗಾರನಾಗಲು ನಿರ್ಧರಿಸಿದೆ. ಹೊಸ ಮದ್ದಲೆಯೂ ಬಂತು. ಭಾನುವಾರ ಸಂಜೆ ಮಂಚಿಕೇರಿಯ ಭಾಗವತರು ಅದನ್ನು ಕೇಳಲು ಬರುವವರಿದ್ದರು. ಒಪ್ಪಿದರೆ ಅವರ ತಾಳಮದ್ದಲೆಯಲ್ಲಿ ನನಗೊಂದು ಜಾಗ! ಆಗಲೇ ಅಲ್ಲಿ ಕೂತವನಂತೆ ವಾರವಿಡೀ ಅರೆಗಣ್ಣಿನಲ್ಲಿ ಓಡಾಡಿದೆ.

ಒಂದೇ ತೊಡಕು. ಮದ್ದಲೆ ನಾರುತ್ತಿತ್ತು.

"ಮನೇಲಿ ಎಂತದೋ ಸತ್ತೋಯ್ದು," ಎಂದಳು ಹೆಂಡತಿ.

"ಹೊಸ ಚರ್ಮ ಮಾರಾಯ್ತಿ. ಇದು ಕಲೆ ವಾಸ್ನೆ!"

"ಕಲೆ ಹೊರಗಿಡಿ. ಯಂಗೆ ಊಟ ಸೇರ್ತಿಲ್ಲೆ."

ಭಾಗವತರೂ ಮೂಗು ಮುಚ್ಚಿಕೊಂಡರೆ? ವಾಸನೆ ಹೋಗುವ ತನಕ ಬಾರಿಸಕೂಡದೆಂದು ಠರಾವು ಮಾಡಿ, ಶುದ್ಧೀಕರಣ ಕಾರ್ಯವನ್ನು ವಿಧಿವತ್ತಾಗಿ ಕೈಗೊಂಡೆ. ಮೊದಲು ಧೂಪ. ನಾವಿಬ್ಬರೂ ಕೆಮ್ಮಿದೆವು, ವಾಸನೆ ಕದಲಲಿಲ್ಲ. ಶಿರಸಿ ಪೇಟೆಯಿಂದ ಅತ್ತರು ತರಿಸಿ ಸವರಿದೆ. ಈಗ ಸತ್ತವರು ಯಾರೋ ಶ್ರೀಮಂತರು ಎನ್ನುವಂತಾಯಿತು!

ಭಾನುವಾರ ಬೆಳಿಗ್ಗೆ ಮಹಾ ಉಪಾಯ ಹೊಳೆಯಿತು. ಮದ್ದಲೆಯ ಎಡಮುಖಕ್ಕೆ ನಾದ ತುಂಬಲು ಅನ್ನ, ಬೂದಿ ಕಲಸಿದ ಬೋಣ ಹಚ್ಚುತ್ತಾರೆ. ಬಾರಿಸುವಾಗ ಹಚ್ಚಬೇಕು, ಮುಗಿದೊಡನೆ ತೆಗೆಯಬೇಕು. ನಾನು ಬೂದಿಯನ್ನು ಕೈಬಿಟ್ಟು, ಸಣ್ಣಕ್ಕಿ ಅನ್ನಕ್ಕೆ ತುಪ್ಪ, ಬೆಲ್ಲ, ಏಲಕ್ಕಿ ಹಾಕಿ ಅರೆದು, ಆಗಲೇ ದಪ್ಪಗೆ ಮೆತ್ತಿಬಿಟ್ಟೆ. ಘಮಘಮ! ಹೆಂಡತಿಯೇ ಬಂದು ಒಮ್ಮೆ ಮೂಸಿ ಹೋದಳು. ಆ ತೃಪ್ತಿಯಲ್ಲಿ ಉಂಡು ಮದ್ದಲೆಯ ಪಕ್ಕದಲ್ಲೇ ಅಡ್ಡಾದೆ.

ಎಂಥ ಕನಸು! ತುಂಬಿದ ಸಭೆ. ನನ್ನ ಬೆರಳು ತಾಗದೆಯೇ ಮದ್ದಲೆ ತಾನಾಗಿ, ಮೆಲ್ಲಗೆ ನುಡಿಯುತ್ತಿದೆ. ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ. ಮೋಡದಾಚೆಯಿಂದ ಬಂದಂಥ ನಾದ. ಕರಕರ... ಕರಕರ... ಇಂಥ ನಡೆ ಯಾವಾಗ ಕಲಿತೆನೋ ಎಂದು ನಿದ್ದೆಯಲ್ಲೇ ಬೀಗುತ್ತ ಕಣ್ಣು ಬಿಟ್ಟೆ.

ಎರಡು ಇಲಿಗಳು ಊಟ ಮುಗಿಸಿ ಏಳುತ್ತಿದ್ದವು. ಎಡಮುಖದ ನಡುವೆ ಬೋಣವಿರಲಿಲ್ಲ. ಅದರಡಿಯ ಚರ್ಮವೂ ಇರಲಿಲ್ಲ!

ಅಷ್ಟರಲ್ಲಿ ಭಾಗವತರು ಬಂದೇಬಿಟ್ಟರು. ದೇವರ ಮೇಲೆ ಭಾರ ಹಾಕಿ ಬಾರಿಸಲು ಕೂತೆ. ಬಲಗೈ 'ತಾಂ' ಎಂದಿತು. ಎಡಗೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು.

ಅವರು ನಗಲಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ ಹೇಳಿದರು, "ತಮಾ, ಹೊಸ ಚರ್ಮದ ವಾಸ್ನೆ ಬಾರಿಸ್ತಾ ಬಾರಿಸ್ತಾ ಹೋಗ್ತು. ವಾರವಿಡೀ ನೀನು ಮೂಸಿದ್ದೇ ಸೈ, ಬಾರಿಸಿದ್ದಿಲ್ಲೆ."

ನಾಚಿಕೆಯಿಂದ ನನಗೆ ಅಳುವೇ ಬಂತು. ಅವರು ಮದ್ದಲೆಯ ಅಂಚಿಗೆ ಅಂಟಿದ್ದ ಬೋಣವನ್ನು ಬೆರಳಲ್ಲಿ ತೆಗೆದು ಮೂಸಿದರು.

"ಆದ್ರೆ ಹದ ಗೊತ್ತಿದ್ದು ನಿಂಗೆ. ಮುಂದಿನ ತಾಳಮದ್ದಲೆಗೆ ಬಾ. ಪಾಯಸ ಮಾಡಲೆ ಜನ ಇಲ್ಲೆ."

ಹೋದೆ. ಮದ್ದಲೆ ಅಡುಗೆಮನೆಗೂ ಚೆನ್ನಾಗಿ ಕೇಳಿಸುತ್ತಿತ್ತು!